ಕತ್ತಲೆಯಲ್ಲಿ ಕಾಣುವ ಕಣ್ಣು
ಕಬ್ಬಿನ ಹೊಲದ ಕಾವಲಿಗೆ ಯಾವ ದರ್ಶಕ ತಕ್ಕುದು?

ಹಗಲೆಲ್ಲ ದುಡಿದು ಬೆಳೆಸಿದ ಪೈರನ್ನು ಇರುಳೆಲ್ಲ ಎಚ್ಚರವಿದ್ದು ಕಾಯಬೇಕಾಗಿರುವುದು ಒಕ್ಕಲುತನದಷ್ಟೇ ಹಳೆಯ ಕಷ್ಟ. ಹಗಲಿನಲ್ಲಿ ಬರುವ ಗಿಳಿ ಗುಬ್ಬಿಗಳನ್ನು ಕವಣೆ ಬೀಸಿ ಓಡಿಸಬಹುದು. ಇರುಳಿನಲ್ಲಿ ಬರುವ ಕಾಡುಹಂದಿಯಾದರೋ ಕಣ್ಣಿಗೇ ಬೀಳುವುದಿಲ್ಲ. ಮರುದಿನ ಬೆಳಗ್ಗೆ ಬುಡದಲ್ಲಿ ಕಚ್ಚಿ ಕೆಡವಿದ ಕಬ್ಬಿನ ಸಾಲುಗಳೂ ಅಗೆದು ಹಾಕಿದ ಶೇಂಗಾದ ಮಡಿಗಳೂ ಅದು ಬಂದುಹೋದುದಕ್ಕೆ ಸಾಕ್ಷಿಯಾಗಿ ಉಳಿದಿರುತ್ತವೆ.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರನ್ನುಂಡು ಕಬ್ಬು ಬೆಳೆಯುವ ನಾಡು. ಉಗಾರದ ಸಕ್ಕರೆ ಕಾರ್ಖಾನೆಯು 1939ರಲ್ಲಿಯೇ ಸ್ಥಾಪಿತವಾಯಿತು. ಆ ಬಳಿಕ ಕಾರ್ಖಾನೆಗಳು ಹೆಚ್ಚಿದವು, ಕಬ್ಬಿನ ಹೊಲಗಳೂ ಹಬ್ಬಿದವು. ಆಳುದ್ದ ಬೆಳೆದು ನಿಂತ ಕಬ್ಬು ಕಾಡುಹಂದಿಗೆ ಆಹಾರ, ನೀರು, ಮರೆ ಈ ಮೂರನ್ನೂ ಒಂದೇ ಎಡೆಯಲ್ಲಿ, ವರ್ಷದ ಬಹುಭಾಗ ಒದಗಿಸುತ್ತದೆ. ಹೆಣ್ಣುಹಂದಿಯು ಸುಮಾರು 115 ದಿನಗಳ ಗರ್ಭಾವಧಿಯ ಬಳಿಕ ಒಂದು ಸಲಕ್ಕೆ ನಾಲ್ಕಾರು ಮರಿಗಳನ್ನು ಈಯುತ್ತದೆ. ಇಂತಹ ಪ್ರಾಣಿಗೆ ಇಂತಹ ಆಶ್ರಯ ದೊರೆತ ಮೇಲೆ ಅದರ ಸಂಖ್ಯೆ ಬೆಳೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಾರಿಸುವುದು, ಪಂಜು ಹಿಡಿದು ಸುತ್ತುವುದು, ಪಟಾಕಿ ಹಾರಿಸುವುದು ಇವೆಲ್ಲ ಹಳೆಯ ಉಪಾಯಗಳು. ಈಗ ಇವುಗಳ ಸಾಲಿಗೆ ಹೊಸದೊಂದು ಸೇರಿದೆ. ಕತ್ತಲೆಯಲ್ಲಿ ಕಾಣುವ ದರ್ಶಕಗಳು ಮಾರುಕಟ್ಟೆಗೆ ಬಂದಿವೆ. ಅವುಗಳಲ್ಲಿ ಕೆಲವು ಕೈಯಲ್ಲಿ ಹಿಡಿಯುವಂಥವು, ಕೆಲವು ಬಂದೂಕಿನ ಮೇಲೆ ಕೂರಿಸುವ ಗುರಿದರ್ಶಕಗಳು. ಒಂದು ಬಗೆಯದಕ್ಕೆ ‘ನೈಟ್ ವಿಷನ್’ ಎಂದೂ ಇನ್ನೊಂದು ಬಗೆಯದಕ್ಕೆ ‘ಥರ್ಮಲ್’ ಎಂದೂ ಹೆಸರು. ಇವೆರಡರಲ್ಲಿ ಯಾವುದು ಮೇಲು? ಕೊಳ್ಳುವವನು ಏನನ್ನು ನೋಡಿ ಆರಿಸಬೇಕು? ಈ ಪ್ರಶ್ನೆಗಳಿಗೆ ಉತ್ತರವನ್ನು ಭೌತವಿಜ್ಞಾನದಲ್ಲಿ ಹುಡುಕಬೇಕು. ಅದಕ್ಕೂ ಮೊದಲು, ಇರುಳಿನ ಹೊಲದಲ್ಲಿ ಯಾರು ಯಾರು ಇರುತ್ತಾರೆ ಎಂಬುದನ್ನು ತಿಳಿಯಬೇಕು.

ಇರುಳಿನ ಹೊಲ ಬರಿದಲ್ಲ

ಪಂಪುಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ಎಷ್ಟೋ ವೇಳೆ ರಾತ್ರಿಯ ಪಾಳಿಯಲ್ಲಿಯೇ ದೊರೆಯುತ್ತದೆ. ಆಗ ರೈತನು ನಡುರಾತ್ರಿಯಲ್ಲೆದ್ದು ಕಂಬಳಿ ಹೊದ್ದು ಹೊಲಕ್ಕೆ ಹೋಗಿ, ಬಾಗಿ ಕುಳಿತು, ನೀರನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ತಿರುಗಿಸುತ್ತಾನೆ. ಕಬ್ಬು ನುರಿಸುವ ಕಾಲದಲ್ಲಿ ದೂರದ ಊರುಗಳಿಂದ ಬಂದ ಕಟಾವಿನ ಗ್ಯಾಂಗಿನವರು ಹೆಂಡಿರು ಮಕ್ಕಳೊಡನೆ, ಎತ್ತುಗಳೊಡನೆ ಹೊಲದ ಬಳಿಯಲ್ಲಿಯೇ ಗುಡಿಸಲು ಕಟ್ಟಿಕೊಂಡಿರುತ್ತಾರೆ. ನಸುಕಿಗೆ ಮೊದಲೇ ಅವರ ಕೆಲಸ ಆರಂಭವಾಗುತ್ತದೆ. ಊರಿನಲ್ಲಿ ವಾಸಿಸದೆ ತೋಟದ ಮನೆಗಳಲ್ಲಿಯೇ ಒಕ್ಕಲಿರುವ ಕುಟುಂಬಗಳು ಈ ಸೀಮೆಯಲ್ಲಿ ಬಹಳ. ಕಬ್ಬಿನ ಒಂದು ಪಟ್ಟಿಯ ಆಚೆಗೆ ಯಾರದೋ ಅಂಗಳವಿರುತ್ತದೆ.

ಆದುದರಿಂದ, ಕಬ್ಬಿನ ಸಾಲಿನ ನಡುವೆ ಕತ್ತಲೆಯಲ್ಲಿ ಅಲುಗಿದ ಆಕಾರವು ಹಂದಿಯೇ ಆಗಿರಬೇಕೆಂಬ ನಿಯಮವಿಲ್ಲ. ಅದು ನೀರು ಕಟ್ಟುವ ನೆರೆಯವನಾಗಿರಬಹುದು. ಹಗ್ಗ ಬಿಚ್ಚಿಕೊಂಡ ಎತ್ತಾಗಿರಬಹುದು. ಹಂದಿಯೆಂದು ಭ್ರಮಿಸಿ ಮನುಷ್ಯನಿಗೆ ಗುಂಡು ಹಾರಿಸಿದ ದುರಂತಗಳು ನಮ್ಮ ಮಲೆನಾಡಿನಲ್ಲಿಯೂ ನಡೆದಿವೆ, ಹೊರದೇಶಗಳಲ್ಲಿಯೂ ನಡೆದಿವೆ. ಫ್ರಾನ್ಸ್ ದೇಶದ ಲೊ ಪ್ರಾಂತದಲ್ಲಿ 2020ರ ಡಿಸೆಂಬರ್ ತಿಂಗಳ ಒಂದು ಸಂಜೆ, ತನ್ನ ಮನೆಯ ಬಳಿ ಸೌದೆ ಕಡಿಯುತ್ತಿದ್ದ 25 ವರ್ಷದ ತರುಣನನ್ನು ಬೇಟೆಗಾರನೊಬ್ಬನು ಕಾಡುಹಂದಿಯೆಂದು ತಿಳಿದು ಕೊಂದುಬಿಟ್ಟನು. ಕತ್ತಲೆಯಲ್ಲಿ ಕಾಣುವ ದರ್ಶಕವನ್ನು ಆರಿಸುವಾಗ ನಾವು ಒರೆಗಲ್ಲಾಗಿ ಇಟ್ಟುಕೊಳ್ಳಬೇಕಾದ ಮಾತು ಇದೇ: ಏನೋ ಇದೆಯೆಂದು ಕಾಣುವುದು ಬೇರೆ, ಅದು ಇಂಥದೇ ಎಂದು ಗುರುತಿಸುವುದು ಬೇರೆ.

ಇದ್ದ ಬೆಳಕನ್ನು ಹೆಚ್ಚಿಸುವ ಕಣ್ಣು

ಬಟ್ಟ ಬಯಲಿನಲ್ಲಿ ಸಂಪೂರ್ಣ ಕತ್ತಲೆಯೆಂಬುದು ಅಪರೂಪ. ನಡುಹಗಲಿನ ಬಿಸಿಲಿನ ಪ್ರಕಾಶವನ್ನು ಒಂದು ಲಕ್ಷ ಲಕ್ಸ್ ಎಂದಿಟ್ಟುಕೊಂಡರೆ, ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಕಾಲುಭಾಗದಷ್ಟು. ಚಂದ್ರನಿಲ್ಲದ ರಾತ್ರಿಯ ನಕ್ಷತ್ರಗಳ ಬೆಳಕು ಒಂದು ಲಕ್ಸಿನ ಸಾವಿರದಲ್ಲೊಂದು ಭಾಗದಷ್ಟು. ಈ ಅಲ್ಪ ಬೆಳಕನ್ನು ಸಾವಿರಾರು ಪಟ್ಟು ಹೆಚ್ಚಿಸಿ ತೋರಿಸುವ ಸಾಧನವೇ ಬಿಂಬವರ್ಧಕ ನಳಿಗೆ.

ಅದರ ಕೆಲಸ ಹೀಗೆ ನಡೆಯುತ್ತದೆ. ಮುಂದಿನ ಮಸೂರವು ದೃಶ್ಯದ ಬಿಂಬವನ್ನು ಒಂದು ವಿಶೇಷ ಲೇಪನದ ಮೇಲೆ ಮೂಡಿಸುತ್ತದೆ. ಬೆಳಕು ಬಿದ್ದೆಡೆಯಲ್ಲಿ ಆ ಲೇಪನದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಮುಂದೆ ಒಂದು ತೆಳುವಾದ ಗಾಜಿನ ಬಿಲ್ಲೆಯಿದೆ. ಅದರಲ್ಲಿ ಕೂದಲಿಗಿಂತ ಸಣ್ಣದಾದ ಲಕ್ಷಾಂತರ ರಂಧ್ರಗಳು. ವಿದ್ಯುತ್ ಒತ್ತಡದಿಂದ ವೇಗಗೊಂಡ ಎಲೆಕ್ಟ್ರಾನು ರಂಧ್ರದ ಗೋಡೆಗೆ ಬಡಿದಾಗ ಒಂದು ಹಲವಾಗುತ್ತದೆ, ಹಲವು ಸಾವಿರವಾಗುತ್ತವೆ. ಅವು ಕೊನೆಯಲ್ಲಿ ರಂಜಕ ಪರದೆಗೆ ತಗುಲಿ ಹೊಳೆಯುವ ಚಿತ್ರವನ್ನು ಮೂಡಿಸುತ್ತವೆ. ಇಂತಹ ಚಿತ್ರಗಳು ಸಾಮಾನ್ಯವಾಗಿ ಹಸುರಾಗಿರುವುದಕ್ಕೆ ಕಾರಣವಿಷ್ಟೆ: ನಮ್ಮ ಕಣ್ಣು ಹಸುರಿನ ಛಾಯೆಗಳ ನಡುವಣ ಸೂಕ್ಷ್ಮ ವ್ಯತ್ಯಾಸವನ್ನು ಚೆನ್ನಾಗಿ ಅರಿಯುತ್ತದೆ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಓಕಿನಾವಾ ಕಾಳಗದಲ್ಲಿ, ಅಮೆರಿಕದ ಸೈನಿಕರು ಅವಕೆಂಪು ದೀಪವನ್ನು ಹೊತ್ತ ಬಂದೂಕುಗಳನ್ನು ಬಳಸಿದ್ದರು. ದೀಪದ ಬೆಳಕು ಬರಿಗಣ್ಣಿಗೆ ಕಾಣದು, ದರ್ಶಕಕ್ಕೆ ಕಾಣುವುದು. ದೀಪದ ಹಂಗಿಲ್ಲದೆ ನಕ್ಷತ್ರಗಳ ಬೆಳಕಿನಲ್ಲಿಯೇ ಕೆಲಸ ಮಾಡುವ ದರ್ಶಕಗಳು ವಿಯೆಟ್ನಾಮ್ ಯುದ್ಧದ ಕಾಲಕ್ಕೆ ಬಂದವು. ನಮ್ಮ ದೇಶದಲ್ಲಿಯೂ, 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಸೈನ್ಯಕ್ಕಾಗಿ ಇರುಳುದರ್ಶಕಗಳನ್ನು ತಯಾರಿಸುತ್ತದೆ. ಬಿಂಬವರ್ಧಕ ನಳಿಗೆಗಳಿಗಾಗಿಯೇ 1990ರಲ್ಲಿ ಪುಣೆಯಲ್ಲಿ ಅದರ ಅಂಗಸಂಸ್ಥೆಯೊಂದು ಹುಟ್ಟಿತು.

ಸಾಮಾನ್ಯ ಜನರಿಗೆ ಅಗ್ಗವಾಗಿ ದೊರೆಯುವುದು ಇಂತಹ ನಳಿಗೆಯಲ್ಲ, ಡಿಜಿಟಲ್ ಇರುಳುದರ್ಶಕ. ಅದರಲ್ಲಿರುವುದು ಕ್ಯಾಮೆರಾದಲ್ಲಿರುವಂತಹ ಸಿಲಿಕಾನ್ ಫಲಕ. ಮನುಷ್ಯನ ಕಣ್ಣು ಸುಮಾರು 0.4ರಿಂದ 0.7 ಮೈಕ್ರಾನ್ ತರಂಗಾಂತರದ ಬೆಳಕನ್ನು ಮಾತ್ರ ಕಂಡರೆ, ಸಿಲಿಕಾನ್ ಸುಮಾರು 1 ಮೈಕ್ರಾನ್‌ವರೆಗೂ ಕಾಣಬಲ್ಲುದು. ಇದಕ್ಕೆ ನೆರವಾಗಿ ಒಂದು ಅವಕೆಂಪು ಟಾರ್ಚು ಇರುತ್ತದೆ. ಟಾರ್ಚಿನ ತರಂಗಾಂತರವು 0.85 ಮೈಕ್ರಾನ್ ಆಗಿದ್ದರೆ ಚಿತ್ರ ಪ್ರಕಾಶಮಾನವಾಗಿರುತ್ತದೆ, ಆದರೆ ದೀಪದ ಮುಖ ಮಂದವಾದ ಕೆಂಡದಂತೆ ಕಾಣಿಸಿಕೊಳ್ಳುತ್ತದೆ. 0.94 ಮೈಕ್ರಾನ್ ಆಗಿದ್ದರೆ ದೀಪ ಕಾಣಿಸದು, ಚಿತ್ರ ಮಾತ್ರ ಮಂಕಾಗುತ್ತದೆ.

ಕಬ್ಬಿನ ಹೊಲದಲ್ಲಿ ಈ ಟಾರ್ಚಿಗೆ ಒಂದು ವಿಶೇಷ ತೊಡಕುಂಟು. ಹಸುರೆಲೆಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರುತ್ತವೆ; ಅವಕೆಂಪು ಬೆಳಕನ್ನಾದರೋ ಬಲವಾಗಿ ಹಿಂದಕ್ಕೆ ಚೆಲ್ಲುತ್ತವೆ. ಉಪಗ್ರಹಗಳು ಆಕಾಶದಿಂದ ಬೆಳೆಯ ಆರೋಗ್ಯವನ್ನು ಅಳೆಯುವುದು ಇದೇ ಗುಣದ ಬಲದಿಂದ. ಹೊಲದ ಕಾವಲುಗಾರನಿಗೆ ಮಾತ್ರ ಇದು ಅನುಕೂಲವಲ್ಲ. ಎದುರಿಗಿರುವ ನಾಲ್ಕು ಎಲೆಗಳು ಬೆಳ್ಳಗೆ ಹೊಳೆದು ಹಿಂದಿರುವುದನ್ನೆಲ್ಲ ಮರೆಸಿಬಿಡುತ್ತವೆ.

ಶಾಖವನ್ನು ನೋಡುವ ಕಣ್ಣು

ಎರಡನೆಯ ಬಗೆಯ ದರ್ಶಕಕ್ಕೆ ಬೆಳಕೇ ಬೇಡ. ಇದರ ಮೂಲತತ್ತ್ವವನ್ನು ತಿಳಿಯಲು ನಾವು 1800ನೆಯ ವರ್ಷಕ್ಕೆ ಹೋಗಬೇಕು. ಆ ವರ್ಷ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪು ಬಣ್ಣದಿಂದಾಚೆ, ಏನೂ ಕಾಣದ ಎಡೆಯಲ್ಲಿಯೂ ಪಾದರಸ ಏರಿತು. ಅವಕೆಂಪು ಕಿರಣಗಳು ಮನುಷ್ಯನ ಅರಿವಿಗೆ ಬಂದುದು ಹೀಗೆ.

ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಇಂತಹ ಕಿರಣಗಳನ್ನು ಹೊರಸೂಸುತ್ತಲೇ ಇರುತ್ತದೆ. ಯಾವ ತರಂಗಾಂತರದಲ್ಲಿ ಹೆಚ್ಚಾಗಿ ಸೂಸುತ್ತದೆಂಬುದನ್ನು ವೀನ್‌ನ ನಿಯಮ ತಿಳಿಸುತ್ತದೆ: 2898 ಎಂಬ ಸಂಖ್ಯೆಯನ್ನು ವಸ್ತುವಿನ ನಿರಪೇಕ್ಷ ಉಷ್ಣತೆಯಿಂದ ಭಾಗಿಸಿದರೆ ಉತ್ತರ ಮೈಕ್ರಾನುಗಳಲ್ಲಿ ಬರುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5800 ಕೆಲ್ವಿನ್, ಭಾಗಿಸಿದರೆ 0.5 ಮೈಕ್ರಾನ್. ಇದು ಕಣ್ಣಿಗೆ ಕಾಣುವ ಬೆಳಕು. ಪ್ರಾಣಿಯ ಮೈಯ ಉಷ್ಣತೆ ಸುಮಾರು 300 ಕೆಲ್ವಿನ್. ಭಾಗಿಸಿದರೆ ಸುಮಾರು 10 ಮೈಕ್ರಾನ್. ಉಷ್ಣದರ್ಶಕಗಳು 8ರಿಂದ 14 ಮೈಕ್ರಾನ್‌ವರೆಗಿನ ಕಿರಣಗಳನ್ನು ಹಿಡಿಯುವಂತೆ ರಚಿತವಾಗಿರುವುದು ಇದಕ್ಕಾಗಿಯೇ.

ಎಷ್ಟು ಸೂಸುತ್ತದೆಂಬುದು ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮದಿಂದ ತಿಳಿಯುತ್ತದೆ. ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಸೂಸುವಿಕೆ ಹೆಚ್ಚುತ್ತದೆ. ಪ್ರಾಣಿಯ ಹೊರಮೈ 32 ಡಿಗ್ರಿ ಸೆಲ್ಸಿಯಸ್, ನೆಲ 22 ಡಿಗ್ರಿ ಇದೆಯೆಂದು ಭಾವಿಸೋಣ. ಲೆಕ್ಕ ಹಾಕಿದರೆ ಪ್ರಾಣಿಯು ಪ್ರತಿ ಚದರ ಮೀಟರಿಗೆ ಸುಮಾರು 490 ವ್ಯಾಟ್, ನೆಲವು ಸುಮಾರು 430 ವ್ಯಾಟ್ ಸೂಸುತ್ತಿರುತ್ತವೆ. ಈ 60 ವ್ಯಾಟುಗಳ ಅಂತರವೇ ಪರದೆಯ ಮೇಲೆ ಬೆಳ್ಳನೆಯ ಆಕಾರವಾಗಿ ಮೂಡುತ್ತದೆ.

ಈ ಕಿರಣಗಳನ್ನು ಅಳೆಯುವ ಬೋಲೋಮೀಟರ್ ಎಂಬ ಉಪಕರಣವನ್ನು ಅಮೆರಿಕದ ಸ್ಯಾಮುಯೆಲ್ ಲ್ಯಾಂಗ್ಲಿಯು ಸುಮಾರು 1880ರಲ್ಲಿ ರಚಿಸಿದನು. ತೆಳುವಾದ ಲೋಹದ ಪಟ್ಟಿಗೆ ಶಾಖ ತಗುಲಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಶಾಖ ತಿಳಿಯುತ್ತದೆ. ಆತನು ಮುಂದೆ ಸುಧಾರಿಸಿದ ಬೋಲೋಮೀಟರು ಕಾಲು ಮೈಲಿ ದೂರದಲ್ಲಿ ನಿಂತ ಹಸುವಿನ ಮೈಶಾಖವನ್ನು ಅರಿಯಬಲ್ಲುದಾಗಿತ್ತೆಂದು ಹೇಳುತ್ತಾರೆ. ಇಂದಿನ ಉಷ್ಣದರ್ಶಕದಲ್ಲಿರುವುದೂ ಅದೇ ತತ್ತ್ವ. ವನೇಡಿಯಂ ಆಕ್ಸೈಡಿನಂತಹ ವಸ್ತುವಿನಿಂದ ಮಾಡಿದ, ಒಂದೊಂದೂ 12 ಅಥವಾ 17 ಮೈಕ್ರಾನ್ ಅಂತರದಲ್ಲಿರುವ ಒಂದು ಲಕ್ಷಕ್ಕೂ ಮಿಕ್ಕ ಪುಟ್ಟ ಬೋಲೋಮೀಟರುಗಳು ಉಗುರಿನಗಲದ ಫಲಕದಲ್ಲಿ ಸಾಲಾಗಿ ಕುಳಿತಿವೆ. ಅಮೆರಿಕದ ಸೈನ್ಯಕ್ಕಾಗಿ 1980ರ ದಶಕದಲ್ಲಿ ಗುಟ್ಟಾಗಿ ಬೆಳೆದ ಈ ತಂತ್ರವು 1990ರ ದಶಕದಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಸಾಧಾರಣ ಗಾಜು 10 ಮೈಕ್ರಾನ್ ಕಿರಣಗಳನ್ನು ಒಳಗೆ ಬಿಡುವುದಿಲ್ಲ. ಆದುದರಿಂದ ಇಲ್ಲಿ ಮಸೂರವನ್ನು ಜರ್ಮೇನಿಯಂ ಎಂಬ ಅರೆವಾಹಕದಿಂದ ಮಾಡುತ್ತಾರೆ. ನೋಡಲು ಲೋಹದಂತೆ ಹೊಳೆಯುವ, ಬೆಳಕಿಗೆ ಅಪಾರದರ್ಶಕವಾದ ಈ ವಸ್ತು ಶಾಖಕಿರಣಗಳಿಗೆ ಪಾರದರ್ಶಕ. ಅದು ದುಬಾರಿ, ಉಷ್ಣದರ್ಶಕದ ಬೆಲೆ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಉಷ್ಣದರ್ಶಕದ ವಿಷಯದಲ್ಲಿ ಹರಡಿರುವ ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ಅಳಿಸಬೇಕು. ಅದು ಗೋಡೆಯ ಆಚೆಗೆ ನೋಡಲಾರದು. ಕಬ್ಬಿನ ಎಲೆಯ ಆಚೆಗೂ ನೋಡಲಾರದು. ಎಲೆಗಳ ಸಂದಿನಿಂದ ತೂರಿ ಬಂದ ಶಾಖಕಿರಣಗಳನ್ನಷ್ಟೇ ತೋರಿಸುತ್ತದೆ. ಉತ್ತರಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ 2024ರಲ್ಲಿ ಮಕ್ಕಳ ಮೇಲೆರಗುತ್ತಿದ್ದ ತೋಳಗಳನ್ನು ಹಿಡಿಯಲು ಅರಣ್ಯ ಇಲಾಖೆಯವರು ಉಷ್ಣದರ್ಶಕ ಹೊತ್ತ ಡ್ರೋನುಗಳನ್ನು ಹಾರಿಸಿದ್ದರು. ಹಾಗಿದ್ದರೂ ಅಲ್ಲಿನ ಕಬ್ಬಿನ ಹೊಲಗಳು ತೋಳಗಳಿಗೆ ಒಳ್ಳೆಯ ಮರೆಯಾಗಿಯೇ ಇದ್ದವು.

ಕಾಲ ಮತ್ತು ಹವೆ

ಉಷ್ಣದರ್ಶಕವು ಅಳೆಯುವುದು ಅಂತರವನ್ನು. ಅಂತರ ಕಡಮೆಯಾದರೆ ಚಿತ್ರ ಮಂಕಾಗುತ್ತದೆ. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ, ಕಬ್ಬಿನ ಕಟಾವು ಭರದಿಂದ ಸಾಗಿರುವಾಗ, ನೆಲ ತಣ್ಣಗಿರುತ್ತದೆ. ಪ್ರಾಣಿಯ ಆಕಾರ ಸ್ಫುಟವಾಗಿ ಕಾಣುತ್ತದೆ. ವೈಶಾಖದಲ್ಲಿ ಅಥಣಿಯ ಪೂರ್ವದ ಒಣಭೂಮಿಯಲ್ಲಿ ಸೂರ್ಯ ಮುಳುಗಿದ ಬಳಿಕವೂ ಕಲ್ಲು ಮಣ್ಣುಗಳು ಕಾದೇ ಇರುತ್ತವೆ. ಆಗ ಕಾದ ಕಲ್ಲೂ ಮಲಗಿದ ಪ್ರಾಣಿಯೂ ಪರದೆಯ ಮೇಲೆ ಒಂದೇ ಬಗೆಯಾಗಿ ಕಂಡಾವು. ಪ್ರತಿದಿನ ಬೆಳಗ್ಗೆ ಮತ್ತು ಸಂಜೆ, ನೆಲ ಬಿಸಿಯೇರುವ ಅಥವಾ ತಣಿಯುವ ಹೊತ್ತಿನಲ್ಲಿ, ವಸ್ತುವಿನ ಉಷ್ಣತೆಯೂ ಹಿನ್ನೆಲೆಯ ಉಷ್ಣತೆಯೂ ಸಮವಾಗುವ ಒಂದು ಗಳಿಗೆಯುಂಟು. ಆಗ ಒಳ್ಳೆಯ ದರ್ಶಕವೂ ಸೋಲುತ್ತದೆ.

ಮಳೆ ಬಿದ್ದ ಮೇಲೆ ನೀರಿನ ತೆಳುಪದರವು ಎಲೆ, ನೆಲ, ಮೈ ಎಲ್ಲವನ್ನೂ ಮುಸುಕಿ ಉಷ್ಣತೆಗಳನ್ನು ಸಮಗೊಳಿಸುತ್ತದೆ. ತೆಳುವಾದ ಮಂಜಿನಲ್ಲಿ ಉಷ್ಣದರ್ಶಕವು ಕಣ್ಣಿಗಿಂತ ಮೇಲು. ನದಿದಡದ ದಟ್ಟವಾದ ಕಾವಳದಲ್ಲಿ ಅದಕ್ಕೂ ಕುರುಡು ಕವಿಯುತ್ತದೆ.

ಸಾವಿರ ಮೀಟರ್ ಎಂಬ ಮಾತು

ಮಾರಾಟಗಾರರ ಪತ್ರಿಕೆಯಲ್ಲಿ ‘ಸಾವಿರ ಮೀಟರ್ ದೂರ ಕಾಣುತ್ತದೆ’ ಎಂದು ಬರೆದಿರುತ್ತಾರೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅಮೆರಿಕದ ಸೈನ್ಯದ ವಿಜ್ಞಾನಿ ಜಾನ್ ಜಾನ್ಸನ್ ಎಂಬಾತನು 1958ರಲ್ಲಿ ಈ ವಿಷಯಕ್ಕೆ ಒಂದು ಅಳತೆಗೋಲನ್ನು ಒದಗಿಸಿದನು. ಅದನ್ನು ಇಂದಿನ ಚಿತ್ರಬಿಂದುಗಳ ಭಾಷೆಯಲ್ಲಿ ಹೀಗೆ ಹೇಳಬಹುದು: ವಸ್ತುವಿನ ಕಿರಿದಾದ ಅಳತೆಯು 2 ಬಿಂದುಗಳನ್ನು ಆವರಿಸಿದರೆ ಏನೋ ಇದೆಯೆಂದು ತಿಳಿಯುತ್ತದೆ. ಸುಮಾರು 8 ಬಿಂದುಗಳಾದರೆ ಅದು ಯಾವ ವರ್ಗದ ವಸ್ತುವೆಂದು ತಿಳಿಯುತ್ತದೆ. ಸುಮಾರು 13 ಬಿಂದುಗಳಾದರೆ ಆ ವರ್ಗದಲ್ಲಿ ಇಂಥದೇ ಎಂದು ಗುರುತು ಹತ್ತುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕ ಮಾಡಿ ನೋಡೋಣ. ಸಾಮಾನ್ಯವಾಗಿ ದೊರೆಯುವ ಒಂದು ಉಷ್ಣದರ್ಶಕದ ಫಲಕದಲ್ಲಿ ಅಡ್ಡಲಾಗಿ 384, ಉದ್ದಕ್ಕೆ 288 ಬಿಂದುಗಳು. ಬಿಂದುವಿನ ಅಗಲ 12 ಮೈಕ್ರಾನ್. ಮಸೂರದ ಸಂಗಮದೂರ 35 ಮಿಲಿಮೀಟರ್. ಸಂಗಮದೂರವನ್ನು ಬಿಂದುವಿನ ಅಗಲದಿಂದ ಭಾಗಿಸಿದರೆ ಸುಮಾರು 2900. ಎಂದರೆ 2900 ಮೀಟರ್ ದೂರದಲ್ಲಿ ಒಂದು ಬಿಂದುವು 1 ಮೀಟರ್ ಅಗಲವನ್ನೂ, 100 ಮೀಟರ್ ದೂರದಲ್ಲಿ ಸುಮಾರು 3.4 ಸೆಂಟಿಮೀಟರ್ ಅಗಲವನ್ನೂ ಆವರಿಸುತ್ತದೆ.

ಹಂದಿಯ ಎತ್ತರ 70 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಎರಡು ಬಿಂದುಗಳಷ್ಟಾಗಿ ಕಾಣುವುದು ಸುಮಾರು 1000 ಮೀಟರ್ ದೂರದಲ್ಲಿ. ಪತ್ರಿಕೆಯ ಸಾವಿರ ಮೀಟರ್ ಇದೇ. ಎಂಟು ಬಿಂದುಗಳಷ್ಟಾಗುವುದು ಸುಮಾರು 250 ಮೀಟರ್ ದೂರದಲ್ಲಿ. ಹದಿಮೂರು ಬಿಂದುಗಳಷ್ಟಾಗುವುದು ಸುಮಾರು 155 ಮೀಟರ್ ದೂರದಲ್ಲಿ. ಇದೂ ಬಟ್ಟ ಬಯಲಿನಲ್ಲಿ, ಪ್ರಾಣಿಯ ಇಡೀ ಮೈ ಕಾಣುತ್ತಿರುವಾಗ. ಕಬ್ಬಿನ ಸಾಲಿನ ನಡುವೆ 20 ಸೆಂಟಿಮೀಟರಿನಷ್ಟು ಭಾಗ ಮಾತ್ರ ಕಾಣುತ್ತಿದ್ದರೆ ಗುರುತಿಸುವ ದೂರವು 45 ಮೀಟರಿಗೆ ಇಳಿಯುತ್ತದೆ. ಸಾವಿರವೆಲ್ಲಿ, ನಲವತ್ತೈದೆಲ್ಲಿ!

ಇಷ್ಟಕ್ಕೇ ಮುಗಿಯಲಿಲ್ಲ. ಜಾನ್ಸನ್ನನ ಅಳತೆಯು ನೋಡುವವರಲ್ಲಿ ನೂರಕ್ಕೆ ಐವತ್ತು ಸಲ ಸರಿಯಾದ ಉತ್ತರ ಬರುವ ಎಲ್ಲೆ. ಉಳಿದ ಐವತ್ತು ಸಲ ಉತ್ತರ ತಪ್ಪಬಹುದು. ನೆಲದ ಮೇಲಿನ ವಸ್ತುವನ್ನು ಸುಮ್ಮನೆ ನೋಡುವವನಿಗೆ ಇದು ಸಾಕಾದೀತು. ಕೈಯಲ್ಲಿ ಬಂದೂಕು ಹಿಡಿದವನಿಗೆ ಸಾಲದು. ಅವನು ಲೆಕ್ಕದಿಂದ ಬಂದ ದೂರವನ್ನು ಇನ್ನೂ ಅರ್ಧಕ್ಕೆ ಇಳಿಸಿಕೊಳ್ಳುವುದು ವಿವೇಕ.

ದರ್ಶಕದಲ್ಲಿ ‘ಡಿಜಿಟಲ್ ಜೂಮ್’ ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಚಿತ್ರ ದೊಡ್ಡದಾಗುತ್ತದೆ, ಬಿಂದುಗಳ ಸಂಖ್ಯೆ ಹೆಚ್ಚುವುದಿಲ್ಲ. ಮಸುಕಾದ ಅಕ್ಷರವನ್ನು ದೊಡ್ಡದಾಗಿ ನಕಲು ಮಾಡಿದರೆ ಅದು ಸ್ಪಷ್ಟವಾಗುವುದಿಲ್ಲವಷ್ಟೆ, ಇದೂ ಹಾಗೆಯೇ.

ಕಂಬಳಿ ಮತ್ತು ಕಣ್ಣಿನ ಹೊಳಪು

ಬಿಂದುಗಳು ಸಾಕಷ್ಟಿದ್ದರೂ ಮೋಸಹೋಗುವ ಸಂದರ್ಭಗಳುಂಟು. ಕಂಬಳಿ ಹೊದ್ದ ಮನುಷ್ಯನನ್ನು ಉಷ್ಣದರ್ಶಕದಲ್ಲಿ ನೋಡಿರಿ. ಕಂಬಳಿಯು ಮೈಯ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಅದರ ಹೊರಮೈ ಗಾಳಿಯಷ್ಟೇ ತಣ್ಣಗಾಗಿರುತ್ತದೆ. ಕಾಣುವುದು ಮುಖ ಮತ್ತು ಕೈಗಳು ಮಾತ್ರ. ಬಾಗಿ ನೀರು ತಿರುಗಿಸುತ್ತಿದ್ದರೆ, ನೆಲಕ್ಕೆ ಸಮೀಪವಾಗಿ, ಸಣ್ಣದಾಗಿ, ಮೆಲ್ಲಗೆ ಅಲುಗುವ ಬಿಳಿಯ ಮಚ್ಚೆಗಳಾಗಿ ಆತನು ತೋರುತ್ತಾನೆ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಆಕಾರವೇ ಮನುಷ್ಯ ಎಂಬ ನಮ್ಮ ಎಣಿಕೆಗೆ ಅಲ್ಲಿ ಆಧಾರವೇ ಇಲ್ಲ.

ಅವಕೆಂಪು ಟಾರ್ಚಿನ ಇರುಳುದರ್ಶಕದಲ್ಲಿ ಇನ್ನೊಂದು ಬಗೆಯ ಭ್ರಮೆ. ದನ, ನರಿ, ಬೆಕ್ಕು, ಚಿರತೆಗಳ ಕಣ್ಣಿನಲ್ಲಿ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಪದರವೊಂದಿದೆ. ಬೆಳಕು ಬಿದ್ದಾಗ ಕಣ್ಣು ದೀಪದಂತೆ ಹೊಳೆಯುವುದು ಈ ಪದರದಿಂದ. ಮನುಷ್ಯನ ಕಣ್ಣಿನಲ್ಲಿ ಈ ಪದರವಿಲ್ಲ. ಹಂದಿಯ ಕಣ್ಣಿನಲ್ಲಿಯೂ ಇಲ್ಲ! ‘ಕಣ್ಣು ಹೊಳೆಯಲಿಲ್ಲ, ಆದುದರಿಂದ ದನವಲ್ಲ, ಹಂದಿಯೇ ಇರಬೇಕು’ ಎಂದು ತರ್ಕಿಸುವವನು ಅದೇ ತರ್ಕದಿಂದ ಮನುಷ್ಯನನ್ನೂ ಹಂದಿಯೆಂದು ಎಣಿಸುವ ಅಪಾಯವಿದೆ. ಹೊಳೆಯುವ ಕಣ್ಣು ಹಂದಿಯಲ್ಲವೆಂದು ಧೈರ್ಯವಾಗಿ ಹೇಳಬಹುದು. ಹೊಳೆಯದ ಕಣ್ಣಿನಿಂದ ಏನನ್ನೂ ಹೇಳಲಾಗದು.

ಹೀಗೆ ಎರಡು ಬಗೆಯ ದರ್ಶಕಗಳಲ್ಲಿ ಒಂದೊಂದಕ್ಕೂ ಒಂದೊಂದು ಬಲ. ಉಷ್ಣದರ್ಶಕವು ಎಲ್ಲಿ ಇದೆಯೆಂಬುದನ್ನು ಬೇಗ ತೋರಿಸುತ್ತದೆ. ಇರುಳುದರ್ಶಕವು ಬಟ್ಟೆಯ ನೆರಿಗೆ, ಕೊಂಬು, ಹಗ್ಗ, ಮುಖಗಳನ್ನು ತೋರಿಸಿ ಏನೆಂಬುದನ್ನು ತಿಳಿಸುತ್ತದೆ. ಒಂದು ಹುಡುಕಲು, ಇನ್ನೊಂದು ಗುರುತಿಸಲು.

ಕಾನೂನು ಮತ್ತು ಕೋವಿ

ಇನ್ನು ಬಂದೂಕಿನ ಮೇಲೆ ಕೂರಿಸುವ ಗುರಿದರ್ಶಕದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಹಂದಿಯು ರಕ್ಷಿತ ಪ್ರಾಣಿ. 2022ರ ತಿದ್ದುಪಡಿಯ ಬಳಿಕ ಅದು ಎರಡನೆಯ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿಯು ಮನುಷ್ಯರ ಪ್ರಾಣಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದರೆ, ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗಳು ಕಾರಣಗಳನ್ನು ತಿಳಿಸಿ ಲಿಖಿತ ಆಜ್ಞೆಯ ಮೂಲಕ ಅನುಮತಿ ನೀಡಬಹುದೆಂದು ಕಾಯಿದೆಯ 11ನೆಯ ಪ್ರಕರಣ ಹೇಳುತ್ತದೆ. ಅಂತಹ ಲಿಖಿತ ಆಜ್ಞೆಯಿಲ್ಲದೆ ಗುಂಡು ಹಾರಿಸುವುದು ಅಪರಾಧ. ಹೊಲ ತನ್ನದೇ ಎಂಬುದು ಇಲ್ಲಿ ಸಮಾಧಾನವಾಗದು.

ಆಯುಧದ ಪರವಾನಗಿಯನ್ನೂ ಗಮನಿಸಬೇಕು. 1959ರ ಆಯುಧ ಕಾಯಿದೆಯು ಬೆಳೆ ಕಾಯಲು ಹೇಳಿರುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ರಕ್ಷಣೆಗಾಗಿ ಹೇಳಿರುವುದು 20 ಅಂಗುಲಕ್ಕೆ ಕಡಮೆಯಿಲ್ಲದ, ಒಳಮೈ ನುಣುಪಾದ ನಳಿಗೆಯ ಬಂದೂಕನ್ನು. ಇಂತಹ ಕೋವಿಯ ಚರೆಗಳು ನಂಬಿಕೆಯಿಂದ ತಾಗುವುದು ನಲವತ್ತು ಐವತ್ತು ಮೀಟರ್ ದೂರದವರೆಗೆ ಮಾತ್ರ. ಅದರ ಮೇಲೆ ಸಾವಿರ ಮೀಟರಿನ ಗುರಿದರ್ಶಕವನ್ನು ಕೂರಿಸುವುದು ಎತ್ತಿನ ಗಾಡಿಗೆ ರೈಲಿನ ದೀಪ ಕಟ್ಟಿದಂತೆ. ರೈಫಲಿನ ಗುಂಡಾದರೋ ಒಂದೆರಡು ಕಿಲೋಮೀಟರ್ ಹೋಗಬಲ್ಲುದು. ಕೃಷ್ಣೆಯ ಬಯಲು ಸಮತಟ್ಟಾದ ನೆಲ. ತಪ್ಪಿದ ಗುಂಡನ್ನು ತಡೆಯಲು ಗುಡ್ಡವಿಲ್ಲ. ಕಬ್ಬಿನ ಆಚೆಗಿರುವ ತೋಟದ ಮನೆಯನ್ನು ಯಾವ ಗುರಿದರ್ಶಕವೂ ತೋರಿಸದು.

ಇನ್ನೂ ಒಂದು ಮುಖ್ಯ ಸಂಗತಿಯಿದೆ. ದರ್ಶಕವು ಬಂದೂಕಿನ ಮೇಲಿದ್ದರೆ, ಅದರಿಂದ ಏನನ್ನು ನೋಡಬೇಕಾದರೂ ಬಂದೂಕಿನ ಬಾಯನ್ನು ಅದರತ್ತ ತಿರುಗಿಸಲೇಬೇಕು. ಅದೇನೆಂದು ತಿಳಿಯುವ ಮೊದಲೇ ಅದು ಗುರಿಯಾಗಿರುತ್ತದೆ. ಆದುದರಿಂದ ಹುಡುಕಲು ಗುರಿದರ್ಶಕವನ್ನು ಎಂದಿಗೂ ಬಳಸಕೂಡದು. ಹುಡುಕುವ ಕಣ್ಣು ಕೈಯಲ್ಲಿರಬೇಕು.

ಆರಿಸುವ ಬಗೆ

ಇಷ್ಟು ವಿಚಾರಗಳಿಂದ ಒಂದು ತೀರ್ಮಾನ ತಾನಾಗಿ ಹೊರಡುತ್ತದೆ. ಈ ಸೀಮೆಯ ರೈತನಿಗೆ ಬೇಕಾದುದು ಗುರಿದರ್ಶಕವಲ್ಲ, ಕೈಯಲ್ಲಿ ಹಿಡಿಯುವ ಉಷ್ಣದರ್ಶಕ. ಸಾಧ್ಯವಾದರೆ ಅದರ ಜೊತೆಗೆ ಅಗ್ಗದ ಒಂದು ಡಿಜಿಟಲ್ ಇರುಳುದರ್ಶಕ. ನಾಲ್ಕಾರು ಜನ ರೈತರು ಕೂಡಿ ಕೊಂಡರೆ ಬೆಲೆಯ ಹೊರೆ ಹಗುರವಾಗುತ್ತದೆ. ಕೊಳ್ಳುವಾಗ ನೋಡಬೇಕಾದ ಅಂಶಗಳು ಇವು.

ಮೊದಲನೆಯದು, ಮಸೂರ ಮತ್ತು ಫಲಕ. ಸಂಗಮದೂರ ಹೆಚ್ಚಿದಷ್ಟೂ ದೂರದ ವಸ್ತು ವಿವರವಾಗಿ ಕಾಣುತ್ತದೆ, ನೋಟದ ಅಗಲ ಮಾತ್ರ ಕುಗ್ಗುತ್ತದೆ. ಮೇಲಿನ ಉದಾಹರಣೆಯ ದರ್ಶಕದಲ್ಲಿ 100 ಮೀಟರ್ ದೂರದಲ್ಲಿ ಕಾಣುವ ಅಗಲ 13 ಮೀಟರ್. ಅದೇ ಫಲಕಕ್ಕೆ 19 ಮಿಲಿಮೀಟರಿನ ಮಸೂರವಿದ್ದರೆ 24 ಮೀಟರ್ ಅಗಲ ಕಾಣುತ್ತದೆ, ಬಿಂದು ಒಂದಕ್ಕೆ 6.3 ಸೆಂಟಿಮೀಟರ್ ಆಗುತ್ತದೆ. ಸಣ್ಣ ಹಿಡುವಳಿಗಳ ಈ ನಾಡಿನಲ್ಲಿ ಅಗಲವಾದ ನೋಟವೇ ಹೆಚ್ಚು ಉಪಯುಕ್ತ. ಅಗಲವೂ ವಿವರವೂ ಎರಡೂ ಬೇಕೆಂದರೆ 640 ಬಿಂದುಗಳ ಫಲಕಕ್ಕೆ ಹಣ ತೆರಬೇಕು.

ಎರಡನೆಯದು, ಸೂಕ್ಷ್ಮತೆ. ಎಷ್ಟು ಕಿರಿದಾದ ಉಷ್ಣಾಂತರವನ್ನು ಅರಿಯಬಲ್ಲುದೆಂಬುದನ್ನು ಮಿಲಿಕೆಲ್ವಿನ್ ಎಂಬ ಮಾನದಲ್ಲಿ ಹೇಳಿರುತ್ತಾರೆ. ಇಲ್ಲಿ ಸಂಖ್ಯೆ ಕಿರಿದಾದಷ್ಟೂ ಮೇಲು. 25 ಮಿಲಿಕೆಲ್ವಿನ್‌ನ ದರ್ಶಕವು 50ರದಕ್ಕಿಂತ ಮಳೆಗಾಲದಲ್ಲಿಯೂ ಮಂಜಿನಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯದು, ಸೆಕೆಂಡಿಗೆ ಎಷ್ಟು ಚಿತ್ರಗಳು. ಒಂಬತ್ತಾದರೆ ಓಡುವ ಪ್ರಾಣಿ ಜಿಗಿದು ಜಿಗಿದು ಹೋದಂತೆ ಕಾಣುತ್ತದೆ. ಐವತ್ತಾದರೆ ನಡಿಗೆಯ ಲಯ ತಿಳಿಯುತ್ತದೆ. ಪ್ರಾಣಿಯನ್ನು ಗುರುತಿಸಲು ಆಕಾರದಷ್ಟೇ ನಡಿಗೆಯೂ ನೆರವಾಗುವುದರಿಂದ ಇದನ್ನು ಅಲಕ್ಷಿಸಬಾರದು. ಇವುಗಳ ಜೊತೆಗೆ ಬ್ಯಾಟರಿಯ ಬಾಳಿಕೆ, ನೀರು ನುಗ್ಗದ ಕಟ್ಟು, ರಿಪೇರಿಯ ಅನುಕೂಲ ಇವನ್ನು ನೋಡಿಕೊಳ್ಳುವುದು ಸರಿ.

ಉಪಕರಣ ಕೊಂಡುದರಿಂದಲೇ ಕೆಲಸವಾಗದು. ಕಬ್ಬಿನ ಒಳಗೆ ಎರಡು ಬಗೆಯ ದರ್ಶಕಗಳೂ ಸೋಲುವುದರಿಂದ, ಹೊಲದ ಅಂಚಿನಲ್ಲಿ ಕೆಲವು ಮೀಟರ್ ಅಗಲದ ಪಟ್ಟಿಯನ್ನು ಬದುವಿನುದ್ದಕ್ಕೂ ಬರಿದಾಗಿಟ್ಟು, ಆ ಪಟ್ಟಿಯ ನೇರಕ್ಕೆ ಕುಳಿತು ನೋಡಬೇಕು. ಹೊಲಕ್ಕೆ ನುಗ್ಗುವ ಪ್ರಾಣಿ ಆ ಪಟ್ಟಿಯನ್ನು ದಾಟಲೇಬೇಕು. ದಾಟುವಾಗ ಇಡಿಯಾಗಿ ಕಾಣುತ್ತದೆ. ಅಂದಿನ ರಾತ್ರಿ ಯಾರ ಹೊಲಕ್ಕೆ ನೀರಿನ ಪಾಳಿ, ಗ್ಯಾಂಗಿನವರ ಗುಡಿಸಲು ಎಲ್ಲಿ ಎಂಬುದನ್ನು ಕಾವಲಿನವರು ಮೊದಲೇ ವಿಚಾರಿಸಿಕೊಂಡಿರಬೇಕು.

ಪ್ರಾಣಿ ಕಂಡ ಮೇಲೆ ಏನು ಮಾಡಬೇಕು? ಕೂಗಬೇಕು. ‘ಯಾರದು?’ ಎಂಬ ಕೂಗಿಗೆ ಮನುಷ್ಯನಾದರೆ ಉತ್ತರ ಕೊಡುತ್ತಾನೆ, ಹಂದಿಯಾದರೆ ಬಹುಮಟ್ಟಿಗೆ ಓಡಿಹೋಗುತ್ತದೆ. ಕಿವಿ ಕೇಳದವರೂ ನಿದ್ದೆ ಹೋದವರೂ ಇರಬಹುದಾದುದರಿಂದ ಉತ್ತರ ಬಾರದಿರುವುದು ಗುಂಡು ಹಾರಿಸಲು ಅಪ್ಪಣೆಯಲ್ಲವೆಂಬುದನ್ನು ನೆನಪಿಡಬೇಕು. ಹಂದಿ ಓಡಿಹೋದರೆ ಆ ರಾತ್ರಿಯ ಮಟ್ಟಿಗೆ ಬೆಳೆ ಉಳಿಯಿತು. ಕಾವಲಿನ ಉದ್ದೇಶವೂ ಅದೇ.

ಶಾಶ್ವತವಾದ ತಡೆಗೆ ಸೌರಬೇಲಿ ಉತ್ತಮ. ಅದರಲ್ಲಿ ಹರಿಯುವುದು ಸುಮಾರು ಸೆಕೆಂಡಿಗೊಮ್ಮೆ, ಕ್ಷಣದ ಕಿರುಭಾಗದಷ್ಟು ಕಾಲ ಮಾತ್ರ ಬರುವ ವಿದ್ಯುತ್ತಿನ ಮಿಡಿತ. ಅದು ನೋಯಿಸುತ್ತದೆ, ಕೊಲ್ಲುವುದಿಲ್ಲ. ತಂತಿಗೆ ನೇರವಾಗಿ ಲೈನಿನ ವಿದ್ಯುತ್ತನ್ನು ಕೊಡುವುದು ಇದಕ್ಕೆ ತೀರ ವಿರುದ್ಧವಾದುದು. ಅದು ಅಪರಾಧವಷ್ಟೇ ಅಲ್ಲ, ಹಂದಿಗಿಂತ ಮೊದಲು ಮನೆಯವರನ್ನೋ ನೆರೆಯವರನ್ನೋ ಬಲಿ ತೆಗೆದುಕೊಂಡ ನಿದರ್ಶನಗಳು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿವೆ. ಹಾನಿಯಾದ ಬೆಳೆಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ಏರ್ಪಾಡೂ ಇದೆ; ಅದಕ್ಕಾಗಿ ಹಾನಿಯ ಚಿತ್ರಗಳನ್ನು ತೆಗೆದಿಟ್ಟು ವಲಯ ಅರಣ್ಯಾಧಿಕಾರಿಗಳಿಗೆ ಬೇಗನೆ ತಿಳಿಸಬೇಕು.

ಶಾಲೆ ಕಾಲೇಜುಗಳಲ್ಲಿ ಓದುವ ರೈತರ ಮಕ್ಕಳು ಈ ವಿಷಯದಲ್ಲಿ ತಮ್ಮ ಮನೆಯವರಿಗೆ ದೊಡ್ಡ ನೆರವಾಗಬಲ್ಲರು. ಮಾರಾಟಗಾರರ ಪತ್ರಿಕೆಯಲ್ಲಿರುವ ಮೂರು ಸಂಖ್ಯೆಗಳನ್ನು, ಎಂದರೆ ಬಿಂದುಗಳೆಷ್ಟು, ಬಿಂದುವಿನ ಅಗಲವೆಷ್ಟು, ಸಂಗಮದೂರವೆಷ್ಟು ಎಂಬುದನ್ನು ತೆಗೆದುಕೊಂಡು ಇಲ್ಲಿ ತೋರಿಸಿದಂತೆ ಲೆಕ್ಕ ಮಾಡಿದರೆ, ಆ ದರ್ಶಕವು ಎಷ್ಟು ದೂರದವರೆಗೆ ಹಂದಿಯನ್ನು ಹಂದಿಯೆಂದೂ ಮನುಷ್ಯನನ್ನು ಮನುಷ್ಯನೆಂದೂ ತೋರಿಸೀತೆಂಬುದು ಹತ್ತು ನಿಮಿಷಗಳಲ್ಲಿ ತಿಳಿಯುತ್ತದೆ. ಆ ದೂರವನ್ನು ದಪ್ಪಕ್ಷರಗಳಲ್ಲಿ ಬರೆದು ದರ್ಶಕದ ಪೆಟ್ಟಿಗೆಗೆ ಅಂಟಿಸಿಡಲಿ. ಅದರಾಚೆ ಕಾಣುವುದೆಲ್ಲವನ್ನೂ ಮನುಷ್ಯನೆಂದೇ ಎಣಿಸಿ ನಡೆಯುವುದು ಇರುಳಿನ ಕಾವಲಿನ ಮೊದಲನೆಯ ನಿಯಮವಾಗಬೇಕು.